ಕೀಸುವ ಮೊದಲು ಕೀಲು ನೋಡಿ

ಬೆಂಗಳೂರಿನಲ್ಲಿ ಸಾಮಾನ್ಯವಾಗಿ ವರ್ಷದ ಅತಿ ಜಾಸ್ತಿ ಮಳೆ ಬೀಳುವುದು ಸೆಪ್ಟೆಂಬರ್‌ನಲ್ಲಿ. ಹನುಮಂತನಗರದ ನಮ್ಮ ಮನೆಯ ಕಿಟಕಿಗಳು ಹಟ ಹಿಡಿಯುವುದೂ ಆಗಲೇ. ಅಪ್ಪ 1978ರಲ್ಲಿ ಕಟ್ಟಿಸಿದ ಮನೆ. ಕಿಟಕಿಗಳಿಗೆ ಮತ್ತಿ ಮರದ ಚೌಕಟ್ಟು, ತೇಗದ ಬಾಗಿಲು, ಒಳಗಡೆ ಕಬ್ಬಿಣದ ಸರಳು. ಸರಳು ಒಳಗಿರುವುದರಿಂದ ಬಾಗಿಲುಗಳು ಹೊರಗಡೆಗೆ ತೆರೆಯುತ್ತವೆ. ಬಿಸಿಲು, ಮಳೆ ಎಲ್ಲಕ್ಕೂ ಮೈಯೊಡ್ಡಿ ನಿಲ್ಲುವುದು ಅವೇ.

ಹೋದ ವರ್ಷ ನಡುಮನೆಯ ಕಿಟಕಿ ಎರಡು ಥರ ಕಾಟ ಕೊಡುತ್ತಿತ್ತು. ಬಲಗಡೆಯ ಬಾಗಿಲು ಕೆಳಗಡೆ ಚೌಕಟ್ಟಿಗೆ ಉಜ್ಜುತ್ತಿತ್ತು, ಗುದ್ದದೆ ಕೂರುತ್ತಿರಲಿಲ್ಲ. ಮೇಲ್ಗಡೆ ನೋಡಿದರೆ ಬೆಳಕು ಕಾಣುವಷ್ಟು ಸಂದಿ. ಸಂಜೆಯಾದರೆ ಸೊಳ್ಳೆಗಳಿಗೆ ಅದೇ ರಾಜಮಾರ್ಗ. ಚಿಲಕವೂ ತೂತಿಗೆ ಬೀಳುತ್ತಿರಲಿಲ್ಲ. ಅಮ್ಮ ಹಳೇ ಬನಿಯನ್ ಬಟ್ಟೆ ಮಡಿಚಿ ಸಂದಿಗೆ ತುರುಕಿದ್ದರು. "ಕೆಳಗೆ ಸ್ವಲ್ಪ ಕೀಸಿಸಿಬಿಡು, ಮೇಲೆ ಪಟ್ಟಿ ಹೊಡೆಸು" ಅಂತ ಮನೆಗೆ ಬಂದವರೆಲ್ಲ ಹೇಳಿದರು.

ನಮ್ಮ ಬೀದಿಯಲ್ಲೇ ಬಹಳ ಕಾಲದಿಂದ ಮರಗೆಲಸ ಮಾಡುವ ಹಿರಿಯರೊಬ್ಬರಿದ್ದಾರೆ. ಮಳೆ ಬಿಡುವು ಕೊಟ್ಟ ಒಂದು ಭಾನುವಾರ ಬೆಳಿಗ್ಗೆ ಬಂದರು. ಕೈಚೀಲದಲ್ಲಿ ಕೀಸುಳಿ ಇತ್ತು, ಆದರೆ ಅದನ್ನು ಹೊರಗೆ ತೆಗೆಯಲೇ ಇಲ್ಲ. ಮನೆಗೂ ಕಾಂಪೌಂಡಿಗೂ ನಡುವಿನ ಓಣಿಯಲ್ಲಿ ಸ್ಟೂಲ್ ಇಟ್ಟುಕೊಂಡು ನಿಂತರು. ಬಾಗಿಲು ಅರ್ಧ ತೆರೆದು, ಅದರ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಮೇಲಕ್ಕೆತ್ತಿದರು. ಬಾಗಿಲು ಎದ್ದಿತು. ಬಿಟ್ಟರು, ಕುಸಿಯಿತು.

"ನೋಡಿ, ಮರದ್ದೇನೂ ತಪ್ಪಿಲ್ಲ. ಮೇಲಿನ ಕೀಲು ಸಡಿಲ ಆಗಿದೆ."

ಆಗ ನನಗೆ ವಿಷಯ ಸ್ಪಷ್ಟವಾಯಿತು. ಮೇಲಿನ ಕೀಲು ಸಡಿಲವಾದರೆ ಬಾಗಿಲಿನ ತುದಿ ಜೋತು ಬೀಳುತ್ತದೆ. ಕೆಳಮೂಲೆ ಚೌಕಟ್ಟಿಗೆ ತಾಗುತ್ತದೆ, ತಾಗಿದ್ದರಿಂದ ಪೂರ್ತಿ ಒಳಗೆ ಕೂರುವುದಿಲ್ಲ, ಹಾಗಾಗಿ ಮೇಲೆ ಸಂದಿ. ಉಜ್ಜುವುದು, ಸಂದಿ ಬಿಡುವುದು, ಚಿಲಕ ಬೀಳದಿರುವುದು, ಮೂರಕ್ಕೂ ಮೂಲ ಒಂದೇ. ಕೆಳಗೆ ಕೀಸಿದ್ದರೆ ಒಳ್ಳೇ ತೇಗ ಹೋಗುತ್ತಿತ್ತು, ಮೇಲಿನ ಸಂದಿ ಮಾತ್ರ ಹಾಗೇ ಉಳಿಯುತ್ತಿತ್ತು. ಕೀಸಿದ ಮರವನ್ನು ವಾಪಸ್ ಅಂಟಿಸೋಕಾಗಲ್ಲ ಅಲ್ವಾ?

ಸ್ಕ್ರೂ ಬಿಚ್ಚಿದರೆ ತೂತು ಅಗಲವಾಗಿ, ಒಳಗಿನ ಮರ ಪುಡಿಪುಡಿ. ಬಿದಿರಿನ ಕಡ್ಡಿಯನ್ನು ತೆಳ್ಳಗೆ ಸೀಳಿ, ಫೆವಿಕಾಲ್‌ನಲ್ಲಿ ಅದ್ದಿ, ಇನ್ನು ಹಿಡಿಯುವುದಿಲ್ಲ ಅನ್ನುವ ತನಕ ತೂತಿಗೆ ಬಡಿದರು. ಹೊರಗೆ ಉಳಿದದ್ದನ್ನು ಉಳಿಯಿಂದ ಸಮ ಮಾಡಿದರು. ಕಾಫಿ ಕುಡಿದು, ತಿಂಡಿ ತಿಂದು, ಅದು ಒಣಗಿದ ಮೇಲೆ ಮೊದಲಿಗಿಂತ ಕಾಲಿಂಚು ಉದ್ದದ ಸ್ಕ್ರೂ ಹಾಕಿದರು. ಇಷ್ಟಾದರೂ ಕೆಳಮೂಲೆ ಇನ್ನೂ ಒಂಚೂರು ತಾಗುತ್ತಿತ್ತು. "ಮನೇಲಿ ಹಳೇ ಲಗ್ನಪತ್ರಿಕೆ ಇದ್ರೆ ಕೊಡಿ" ಅಂದರು. ದಪ್ಪ ಕಾಗದದ್ದೊಂದು ಸಿಕ್ಕಿತು. ಕೀಲಿನ ಅಳತೆಗೆ ಕತ್ತರಿಸಿ, ಎರಡು ಪದರ ಮಾಡಿ, ಕೆಳಗಿನ ಕೀಲಿನ ಹಿಂದೆ ಚೌಕಟ್ಟಿನ ಕಡೆಗೆ ಇಟ್ಟು ಮತ್ತೆ ಬಿಗಿದರು. ಕೆಳಗಿನ ಕೀಲು ಕೂದಲೆಳೆಯಷ್ಟು ಮುಂದೆ ಬಂದರೂ ಸಾಕು, ಬಾಗಿಲಿನ ತುದಿ ಮೇಲೇಳುತ್ತದೆ. ಚಿಲಕ ತಾನಾಗಿಯೇ ತೂತಿಗೆ ಬಿತ್ತು. ಅಷ್ಟು ಖುಷಿ ನನಗೆ ಹೊಸ ಸಾಮಾನು ಕೊಂಡಾಗಲೂ ಆಗಿಲ್ಲ.

ಅಡುಗೆಮನೆ ಕಿಟಕಿಯದ್ದು ಬೇರೆ ಕಥೆ. ಅಲ್ಲಿ ಬಾಗಿಲು ಎತ್ತಿದರೆ ಅಲುಗಲಿಲ್ಲ, ಕೀಲು ಗಟ್ಟಿ ಇತ್ತು. ಚೌಕಟ್ಟಿನ ಒಳಬದಿಗೆ ಸೀಮೆಸುಣ್ಣ ಬಳಿದು ಬಾಗಿಲು ಹಾಕಿ ತೆಗೆದರು. ಬಾಗಿಲಿನ ಅಂಚಿನುದ್ದಕ್ಕೂ ಬಿಳಿ ಹತ್ತಿತ್ತು. ಒಂದು ಮೂಲೆಯಲ್ಲಿ ಮಾತ್ರ ಹತ್ತಿದ್ದರೆ ಜೋತು ಬಿದ್ದಿದೆ ಅಂತ, ಉದ್ದಕ್ಕೂ ಹತ್ತಿದರೆ ಮರವೇ ಉಬ್ಬಿದೆ ಅಂತ. ಮರ ನೀರು ಕುಡಿದಾಗ ಉದ್ದಕ್ಕೆ ಬೆಳೆಯುವುದು ಇಲ್ಲವೆನ್ನುವಷ್ಟು ಕಡಿಮೆ, ಉಬ್ಬುವುದೆಲ್ಲ ಅಡ್ಡಕ್ಕೆ. ಅದಕ್ಕೇ ಬದಿ ಬಿಗಿಯುತ್ತದೆ.

ಈಗಲಾದರೂ ಕೀಸುತ್ತಾರೆ ಅಂದುಕೊಂಡೆ. "ಬೇಡ. ಈಗ ಕೀಸಿದ್ರೆ ಶಿವರಾತ್ರಿ ಹೊತ್ತಿಗೆ ಬೆರಳು ತೂರೋಷ್ಟು ಸಂದಿ ಬೀಳುತ್ತೆ" ಅಂದರು. ಒಣಹವೆಯಲ್ಲಿ ಮರ ಮತ್ತೆ ಕುಗ್ಗುತ್ತದಲ್ಲ. ಸದ್ಯಕ್ಕೆ ಅಂಚಿಗೆ ಮೇಣದಬತ್ತಿ ಉಜ್ಜಿಕೊಟ್ಟರು. ಆಮೇಲೆ ಬಾಗಿಲಿನ ಕೆಳಬದಿಗೆ ಕೈ ಹಾಕಿ ಮುಟ್ಟಿ ನೋಡಲು ಹೇಳಿದರು. ಒರಟಾಗಿತ್ತು, ತೇವ ಇತ್ತು. ಮೊಬೈಲ್ ಕೆಳಗಿಟ್ಟು ಫೋಟೋ ತೆಗೆದು ನೋಡಿದರೆ ಕಪ್ಪಗಾದ ಬರೀ ಮರ. ಇಷ್ಟು ವರ್ಷ ಅಷ್ಟು ಸಲ ಬಣ್ಣ ಹೊಡೆಸಿದ್ದೇವೆ, ಕೆಳಬದಿಗೆ ಮಾತ್ರ ಒಂದು ಸಲವೂ ಕುಂಚ ಹೋಗಿಲ್ಲ. ಎರಡೂ ಬದಿಯ ಪಟ್ಟಿಗಳ ಕಡಿದ ತುದಿ ಇರುವುದು ಅಲ್ಲೇ, ಮರ ಜಾಸ್ತಿ ನೀರು ಎಳೆಯುವುದೂ ಆ ತುದಿಯಿಂದಲೇ. ಮುಂದೆ ಕಾಣುವ ಕಡೆ ಫಳಫಳ, ಕಾಣದ ಕಡೆ ಬರೀ ಮೈ. ಬಣ್ಣದವರ ಹತ್ತಿರ ಇದೊಂದನ್ನು ಕೇಳಿ ಮಾಡಿಸಿಕೊಳ್ಳಲೇಬೇಕು.

ಇದನ್ನೆಲ್ಲ ಅಕ್ಕನಿಗೆ ಫೋನಿನಲ್ಲಿ ಹೇಳಿದರೆ, ಉತ್ತರಹಳ್ಳಿಯ ಅವಳ ಫ್ಲ್ಯಾಟಿನಲ್ಲೂ ಕಿಟಕಿ ಎಳೆಯೋಕಾಗಲ್ಲ ಅಂದಳು. ಅಲ್ಯೂಮಿನಿಯಂ ಸ್ಲೈಡಿಂಗ್. ಅಲ್ಲಿ ಕೆಲಸ ಸುಲಭ. ಹಳಿಯಲ್ಲಿ ಕೂತ ಮಣ್ಣನ್ನು ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತೆಗೆದೆವು. ಇಂಥ ಬಹಳಷ್ಟು ಕಿಟಕಿಗಳಲ್ಲಿ ಪಕ್ಕದ ಕೆಳತುದಿಯ ಸಣ್ಣ ತೂತಿನೊಳಗೆ ಚಕ್ರ ಏರಿಸಿ ಇಳಿಸುವ ಸ್ಕ್ರೂ ಇರುತ್ತದೆ. ಅದನ್ನು ತಿರುಗಿಸಿ ವಾಲಿದ ಕಡೆ ಎತ್ತಿದೆವು. ಆದರೆ ಮಳೆನೀರು ಒಳಗೆ ಬರುತ್ತದೆ ಅಂತ ಯಾರೋ ಹಳಿಯ ಹೊರಗಡೆಯ ತೂತುಗಳಿಗೆ ಸಿಲಿಕಾನ್ ತುಂಬಿದ್ದರು. ಅವು ಇರುವುದೇ ನೀರು ಹೊರಗೆ ಹೋಗಲಿ ಅಂತ! ಮುಚ್ಚಿದರೆ ಹಳಿ ತುಂಬಿ ನೀರು ಮನೆಯೊಳಗೇ ಬರುತ್ತದೆ. ಕೆರೆದು ತೆಗೆದ ಮೇಲೆ ಸರಿಹೋಯಿತು. ಬದಿಯಲ್ಲಿ ಸಂದಿ ಮುಚ್ಚುವ ಬ್ರಷ್ ಪಟ್ಟಿ ಸವೆದಿತ್ತು, ಅದನ್ನೂ ಬದಲಾಯಿಸಿದೆವು.

ನಮ್ಮ ಬೀದಿಯಲ್ಲಿ ಈಚೆಗೆ ಹಳೇ ತೇಗದ ಕಿಟಕಿಗಳನ್ನು ಕಿತ್ತು ಗುಜರಿಗೆ ಹಾಕುವುದು ನೋಡುತ್ತಿದ್ದೇನೆ. "ಅಂಟಿಕೊಳ್ಳುತ್ತೆ, ಸಂದಿ ಬಿಡುತ್ತೆ" ಅನ್ನುವುದೇ ಕಾರಣ. ಹೊಟ್ಟೆ ಉರಿಯುತ್ತದೆ. ಎಷ್ಟೋ ಕಡೆ ಹಿಡಿಯಷ್ಟು ಸ್ಕ್ರೂ, ಒಂದಿಷ್ಟು ಬಿದಿರು ಕಡ್ಡಿಯಲ್ಲಿ ಮುಗಿಯುವ ಕೆಲಸ ಅದು.

ಈ ಫೆಬ್ರವರಿಯಲ್ಲಿ ಹಿರಿಯರು ಮತ್ತೆ ಬಂದರು. ಅಡುಗೆಮನೆ ಕಿಟಕಿಯ ಬಾಗಿಲು ಒಣಗಿ ತಾನೇ ಸಡಿಲವಾಗಿತ್ತು. ಮಳೆಗಾಲದಲ್ಲಿ ಉಬ್ಬಲು ಜಾಗ ಇರಲಿ ಅಂತ ಅಂಚನ್ನು ಒಂದು ಮಿಲಿಮೀಟರಿನಷ್ಟು ಮಾತ್ರ ಕೀಸಿ, ಉಪ್ಪುಕಾಗದ ಹಾಕಿ, ಬಾಗಿಲು ಬಿಚ್ಚಿ ಕೆಳಬದಿಗೆ ಪ್ರೈಮರ್, ಬಣ್ಣ ಎರಡೂ ಹಚ್ಚಿದರು. ಉಳಿದ ಕಿಟಕಿಗಳ ಕೆಳಬದಿಯೂ ಹಾಗೇ ಆಗಬೇಕು. ಮುಂದಿನ ಮಳೆಗಾಲದೊಳಗೆ ಮುಗಿಸಿಕೊಡಿ ಅಂತ ಅವರಿಗೇ ಹೇಳಿಟ್ಟಿದ್ದೇನೆ.