"ನನ್ನ ಕಾರಿಗೆ ಯಾವ ರೆಕ್ಕೆ ಹಾಕಿಸಲಿ?" ಎಂದು ಕೇಳುವವರಿಗೆ

ಕ್ಯಾಲಿಫೋರ್ನಿಯಾದ ರೇಸ್ ಟ್ರ್ಯಾಕ್‌ಗಳಲ್ಲಿ ಸಿಗುವ ಹೊಸಬರು, ಬೇ ಏರಿಯಾದ ಕನ್ನಡ ಗೆಳೆಯರು, ಬೆಂಗಳೂರಿನಿಂದ ಸಂದೇಶ ಕಳುಹಿಸುವ ತರುಣರು, ಎಲ್ಲರೂ ನನ್ನನ್ನು ಕೇಳುವುದು ಇದೇ ಪ್ರಶ್ನೆ. ನನ್ನ ಟೊಯೋಟಾ 86 ಸ್ಪೋರ್ಟ್ಸ್ ಕಾರಿನ ಹಿಂದೆ ನಿಂತಿರುವ ಅಲ್ಯೂಮಿನಿಯಂ ರೆಕ್ಕೆಯ ಚಿತ್ರ ನೋಡಿದವರಿಗೆ ಅದರ ಕಂಪನಿಯ ಹೆಸರು ಬೇಕಾಗಿರುತ್ತದೆ. ಹೆಸರು ಹೇಳುವ ಮೊದಲು ನಾನು ಅವರನ್ನೇ ಒಂದು ಮಾತು ಕೇಳುತ್ತೇನೆ: ನಿಮ್ಮ ಕಾರಿನ ಹಿಂಭಾಗ ಯಾವ ತಿರುವಿನಲ್ಲಿ, ಎಷ್ಟು ವೇಗದಲ್ಲಿ ಜಾರುತ್ತದೆ? ಇದಕ್ಕೆ ಥಟ್ಟನೆ ಉತ್ತರ ಬಂದರೆ ಮಾತು ಮುಂದುವರಿಸಬಹುದು. ಬಾರದಿದ್ದರೆ ಆ ಹಣವನ್ನು ಒಳ್ಳೆಯ ಟೈರು, ಬ್ರೇಕ್ ಪ್ಯಾಡ್ ಮತ್ತು ಬ್ರೇಕ್ ದ್ರವಕ್ಕೆ ಹಾಕಿ, ಇನ್ನೊಂದು ಋತು ಓಡಿಸಿ ಬನ್ನಿ ಎನ್ನುತ್ತೇನೆ. ಕೆಲವರಿಗೆ ಬೇಸರವಾಗುತ್ತದೆ. ಆದರೂ ನನ್ನ ಉತ್ತರ ಬದಲಾಗಿಲ್ಲ.

ಇದಕ್ಕೆ ಕಾರಣ ಲೆಕ್ಕದಲ್ಲೇ ಇದೆ. ರೆಕ್ಕೆ ಕೊಡುವ ಡೌನ್‌ಫೋರ್ಸ್, ಅಂದರೆ ಗಾಳಿ ಕಾರನ್ನು ನೆಲಕ್ಕೆ ಒತ್ತುವ ಬಲ, ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಒಂದೂವರೆ ಮೀಟರ್ ಉದ್ದ, 25 ಸೆಂಟಿಮೀಟರ್ ಅಗಲದ ಒಂದೇ ಹಲಗೆಯ ರೆಕ್ಕೆಯನ್ನು ತೆಗೆದುಕೊಳ್ಳಿ. ಕಾರಿನ ಮೇಲೆ ಕೂರಿಸಿದಾಗ ಅದರ ಬಲದ ಗುಣಾಂಕ, ಅಂದರೆ ಆ ಆಕಾರ ಎಷ್ಟು ಬಲ ಹುಟ್ಟಿಸುತ್ತದೆ ಎಂದು ತೋರಿಸುವ ಸಂಖ್ಯೆ, ಸುಮಾರು 1 ಎಂದು ಹಿಡಿಯೋಣ. ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿ ಅದು ಸುಮಾರು 45 ಕೆ.ಜಿ. ಒತ್ತುತ್ತದೆ. 80ರಲ್ಲಿ ಅದರ ಕಾಲು ಭಾಗ, 11 ಕೆ.ಜಿ. ಪೇಟೆಯ ರಸ್ತೆಯಲ್ಲಿ 50ರ ವೇಗದಲ್ಲಿ ಹೋಗುವಾಗ ನಾಲ್ಕು ಕೆ.ಜಿ.ಯ ಆಸುಪಾಸು. ಬಹುಶಃ ರೆಕ್ಕೆಯ ತೂಕವೇ ಅದಕ್ಕಿಂತ ಹೆಚ್ಚಿರುತ್ತದೆ.

45 ಕೆ.ಜಿ. ಎಂದರೆ ಅಷ್ಟೇನಾ ಎಂದು ಕೇಳುವವರಿದ್ದಾರೆ. ಅಕ್ಕಿ ಮೂಟೆಯೊಂದನ್ನು ಡಿಕ್ಕಿಯಲ್ಲಿಟ್ಟರೂ ಹಿಂದಿನ ಟೈರುಗಳು ನೆಲಕ್ಕೆ ಅಷ್ಟೇ ಒತ್ತಿಕೊಳ್ಳುತ್ತವೆ, ಆದರೆ ತಿರುವಿನಲ್ಲಿ ಆ ಮೂಟೆಯನ್ನೂ ಟೈರುಗಳೇ ಎಳೆದು ತಿರುಗಿಸಬೇಕು, ಬ್ರೇಕ್ ಹಾಕಿದಾಗ ಅದನ್ನೂ ನಿಲ್ಲಿಸಬೇಕು. ಗಾಳಿ ಒತ್ತಿದ ಭಾರಕ್ಕೆ ಆ ಜಡತ್ವವಿಲ್ಲ. ಟೈರಿಗೆ ಹಿಡಿತ ಮಾತ್ರ ಸಿಗುತ್ತದೆ, ಹೊರೆ ಬೀಳುವುದಿಲ್ಲ. 1,250 ಕೆ.ಜಿ. ತೂಗುವ 86ರಂತಹ ಹಗುರ ಕಾರಿಗೆ ವೇಗದ ತಿರುವಿನಲ್ಲಿ ಇದು ದೊಡ್ಡ ಲಾಭ. ಇದಕ್ಕೆ ತೆರಬೇಕಾದ ಬೆಲೆ ಗಾಳಿಯ ಎಳೆತ. ಅದು ಒತ್ತುವ ಬಲದ ಎಂಟನೇ ಒಂದು ಭಾಗ ಎಂದುಕೊಂಡರೂ 160ರಲ್ಲಿ ಮೂರು ಅಶ್ವಶಕ್ತಿಯಷ್ಟು ತಿನ್ನುತ್ತದೆ. 200 ಅಶ್ವಶಕ್ತಿಯ ಎಂಜಿನ್‌ನಲ್ಲಿ ಇಷ್ಟನ್ನು ಬಿಟ್ಟುಕೊಡಬಹುದು.

ಡಿಕ್ಕಿಯ ತುದಿಗೆ ಅಂಟಿಕೊಂಡ ಸ್ಪಾಯ್ಲರ್ ಮಾಡುವ ಕೆಲಸ ಬೇರೆ. ಅದು ಬಾಡಿಯ ಮೇಲೆ ಹರಿಯುವ ಗಾಳಿಗೆ ಅಡ್ಡ ನಿಂತು, ಹಿಂಭಾಗ ಮೇಲೇಳುವ ಪ್ರವೃತ್ತಿಯನ್ನು ತಗ್ಗಿಸುತ್ತದೆ. 1973ರ ಪೋರ್ಷೆ 911 ಕರೇರಾ ಆರ್‌ಎಸ್‌ನ ಬಾತುಕೋಳಿ ಬಾಲ ಇದಕ್ಕೆ ಹೆಸರಾದ ಉದಾಹರಣೆ. ಮೊದಲ ತಲೆಮಾರಿನ ಆಡಿ ಟಿಟಿ ಕಾರುಗಳು ಜರ್ಮನಿಯ ಆಟೋಬಾನ್‌ಗಳಲ್ಲಿ ಅತಿವೇಗದಲ್ಲಿ ಅಪಘಾತಕ್ಕೀಡಾದಾಗ, ಕಂಪನಿ ಅವುಗಳನ್ನು ವಾಪಸ್ ಕರೆಸಿ ಹಿಂದೆ ಒಂದು ಸಣ್ಣ ಸ್ಪಾಯ್ಲರ್ ಹಾಕಿಕೊಟ್ಟಿತು. ಜೊತೆಗೆ ಸಸ್ಪೆನ್ಷನ್ ತಿದ್ದಿ, ಸ್ಥಿರತೆಯ ಎಲೆಕ್ಟ್ರಾನಿಕ್ ವ್ಯವಸ್ಥೆಯನ್ನೂ ಕೂಡಿಸಿತು. ಹೆದ್ದಾರಿಯಲ್ಲಿ ಹಿಂಭಾಗ ಹಗುರವಾದಂತೆ ಅನ್ನಿಸುತ್ತದೆ ಎನ್ನುವವರಿಗೆ ಇಂತಹ ಪಟ್ಟಿಯೇ ಸಾಕು. ರೆಕ್ಕೆ ಬಾಡಿಯಿಂದ ಎತ್ತರಕ್ಕೆ ಎದ್ದು ನಿಂತು, ಮೇಲೂ ಕೆಳಗೂ ಹರಿಯುವ ಗಾಳಿಯಿಂದ ತಾನೇ ಬಲವನ್ನು ಹುಟ್ಟಿಸುತ್ತದೆ. ಹೀಗಾಗಿಯೇ ಅದರ ಲಾಭವೂ ಅಪಾಯವೂ ಎರಡೂ ದೊಡ್ಡವು.

ಅಪಾಯದ ಮೊದಲ ಮುಖ ಸಮತೋಲನ. ರೆಕ್ಕೆ ಇರುವುದು ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ. 86ರ ಎರಡು ಆಕ್ಸಲ್‌ಗಳ ನಡುವಿನ ಅಂತರ 2,570 ಮಿಲಿಮೀಟರ್. ರೆಕ್ಕೆ ಹಿಂದಿನ ಆಕ್ಸಲ್‌ನಿಂದ 70 ಸೆಂಟಿಮೀಟರ್ ಆಚೆ ಇದ್ದರೆ, ಅದು 45 ಕೆ.ಜಿ. ಒತ್ತುವಾಗ ಹಿಂದಿನ ಚಕ್ರಗಳಿಗೆ 57 ಕೆ.ಜಿ. ಸೇರುತ್ತದೆ, ಮುಂದಿನ ಚಕ್ರಗಳಿಂದ 12 ಕೆ.ಜಿ. ಹೊರಟುಹೋಗುತ್ತದೆ. ಎತ್ತರದಲ್ಲಿ ಹಿಂದಕ್ಕೆ ಎಳೆಯುವ ಗಾಳಿ ಇನ್ನೂ ಎರಡು ಮೂರು ಕೆ.ಜಿ. ಕದಿಯುತ್ತದೆ. ಒಟ್ಟಿನಲ್ಲಿ ಸ್ಟಿಯರಿಂಗ್ ತಿರುಗಿಸುವ ಚಕ್ರಗಳು ವೇಗ ಹೆಚ್ಚಿದಂತೆಲ್ಲ ಹಗುರವಾಗುತ್ತವೆ. ಕ್ಯಾಲಿಫೋರ್ನಿಯಾದ ಲಗೂನಾ ಸೆಕಾ ಟ್ರ್ಯಾಕ್‌ನ ಮೊದಲ ತಿರುವು ಏರಿನ ನೆತ್ತಿಯ ಮೇಲಿದೆ, ಆಚೆ ಏನಿದೆ ಎಂದು ಕಾಣುವುದಿಲ್ಲ. ಅಲ್ಲಿ ಎಲ್ಲ ಕಾರುಗಳೂ ಒಂದು ಕ್ಷಣ ಹಗುರವಾಗುತ್ತವೆ. ಹಿಂದೆ ದೊಡ್ಡ ರೆಕ್ಕೆ ಹೊತ್ತು ಮುಂದೆ ಏನೂ ಇಲ್ಲದ ಕಾರು ಆ ಜಾಗದಲ್ಲಿ ಸ್ಟಿಯರಿಂಗ್ ಮಾತು ಕೇಳದೆ ನೇರಕ್ಕೆ ಸರಿಯಲು ನೋಡುತ್ತದೆ. ಆದ್ದರಿಂದ ರೆಕ್ಕೆ ಕೊಳ್ಳುವವರು ಮುಂಭಾಗದ ಏರ್‌ಡ್ಯಾಮ್ (ಬಂಪರ್ ಕೆಳಗೆ ಇಳಿಬಿಟ್ಟ ಗಾಳಿತಡೆ) ಮತ್ತು ಸ್ಪ್ಲಿಟರ್‌ನ (ಅದರ ಬುಡದಲ್ಲಿ ಮುಂದಕ್ಕೆ ಚಾಚಿದ ಚಪ್ಪಟೆ ಹಲಗೆ) ಖರ್ಚನ್ನೂ ಜೊತೆಗೇ ಎತ್ತಿಡಬೇಕು. ಸ್ಪ್ಲಿಟರ್ ದುಬಾರಿಯಾಗಬೇಕಿಲ್ಲ. ಇಲ್ಲಿನ ಹವ್ಯಾಸಿ ರೇಸ್ ಪ್ರಿಯರು ಬರ್ಚ್ ಪ್ಲೈವುಡ್ ಕತ್ತರಿಸಿ, ಬಣ್ಣ ಬಳಿದು, ತಾವೇ ಮಾಡಿಕೊಳ್ಳುತ್ತಾರೆ. ಅದರ ಮೇಲೆ ಒಬ್ಬರು ನಿಂತರೂ ಬಾಗಬಾರದು, ಅಷ್ಟೇ.

ಇನ್ನು ಆಯ್ಕೆ. ವಸ್ತುವಿನ ಬಗ್ಗೆ ಜನ ತುಂಬ ತಲೆ ಕೆಡಿಸಿಕೊಳ್ಳುತ್ತಾರೆ. ಕಾರ್ಬನ್ ಫೈಬರ್ ಹಗುರ, ಚೆಂದ, ದುಬಾರಿ. ಅಚ್ಚಿನ ಮೂಲಕ ಹಿಂಡಿ ತೆಗೆದ ಅಲ್ಯೂಮಿನಿಯಂ ಸ್ವಲ್ಪ ಭಾರ, ಅಗ್ಗ, ಒಂದು ಪೆಟ್ಟು ಬಿದ್ದರೂ ಚೂರಾಗುವುದಿಲ್ಲ. ಎರಡರಲ್ಲಿ ಯಾವುದಾದರೂ ಆದೀತು. ನಾನು ನೋಡುವುದು ಅಡ್ಡಸೀಳಿನ ಆಕಾರವನ್ನು. ಮುಂಚೂಣಿ (ಮುಂದಿನ ಅಂಚು) ದುಂಡಗಿರಬೇಕು, ಹಿಂಚೂಣಿ (ಹಿಂದಿನ ಅಂಚು) ತೆಳ್ಳಗಿರಬೇಕು, ಕೆಳಮೈ ಹೊಟ್ಟೆಯಂತೆ ಉಬ್ಬಿ ನುಣುಪಾಗಿರಬೇಕು. ಚಪ್ಪಟೆ ಹಲಗೆಗೆ ಕಾರ್ಬನ್ ಬಟ್ಟೆ ಸುತ್ತಿ ಮಾರುವ ಅಗ್ಗದ ನಕಲುಗಳು ಅಂಗಡಿಗಳ ತುಂಬ ಇವೆ. ಅಳತೆಯ ಅಂಕಿಅಂಶ ಕೊಡದ ತಯಾರಕರಿಂದ ಕೊಳ್ಳಬೇಡಿ. ಯಾವ ವೇಗದಲ್ಲಿ, ಯಾವ ಕೋನದಲ್ಲಿ ಎಷ್ಟು ಬಲ, ಎಷ್ಟು ಎಳೆತ ಎಂಬ ಪಟ್ಟಿ ಅವರ ಬಳಿ ಇರಲೇಬೇಕು. ಸ್ಪರ್ಧೆಗೆ ಇಳಿಯುವವರು ತಮ್ಮ ವರ್ಗದ ನಿಯಮಪುಸ್ತಕವನ್ನು ಕೊಳ್ಳುವ ಮೊದಲೇ ಓದಲಿ. ಉದ್ದ, ಎತ್ತರ, ಹಿಂದೆ ಎಷ್ಟು ಚಾಚಬಹುದು ಎಂಬುದಕ್ಕೆಲ್ಲ ಮಿತಿ ಇರುತ್ತದೆ.

ರೆಕ್ಕೆಯ ದುಡಿಮೆಯಲ್ಲಿ ಹೆಚ್ಚಿನ ಪಾಲು ಕೆಳಮೈಯದು. ಅಲ್ಲಿ ಗಾಳಿ ವೇಗವಾಗಿ ಹರಿದು ಒತ್ತಡ ಇಳಿಯುತ್ತದೆ, ಆ ಇಳಿದ ಒತ್ತಡವೇ ರೆಕ್ಕೆಯನ್ನು ಕೆಳಕ್ಕೆ ಸೆಳೆಯುತ್ತದೆ. ಊರುಗಂಬಗಳನ್ನು ಕೆಳಗಿನಿಂದ ಸಿಕ್ಕಿಸಿದರೆ ಅದೇ ಹರಿವು ಕದಡುತ್ತದೆ. ಹಂಸಕೊರಳಿನ ಕಂಬಗಳು ಬಂದದ್ದು ಇದಕ್ಕಾಗಿ. ಅವು ಬಾಗಿ ಮೇಲಿನಿಂದ ರೆಕ್ಕೆಯನ್ನು ಹಿಡಿಯುತ್ತವೆ. 2009ರ ಆಡಿ ಆರ್15 ರೇಸ್ ಕಾರು ಲೆ ಮಾನ್ಸ್ ರೇಸಿನಲ್ಲಿ ಇಂತಹ ಕಂಬಗಳೊಂದಿಗೆ ಓಡಿತು. ಈಗಿನ ಪೋರ್ಷೆ 911 ಜಿಟಿ3 ಅದನ್ನೇ ರಸ್ತೆಗೂ ತಂದಿದೆ. ಹಣವಿದ್ದರೆ ಇದನ್ನೇ ಆರಿಸಿ. ತುದಿಯ ಎಂಡ್‌ಪ್ಲೇಟ್‌ಗಳು ಮೇಲಿನ ಹೆಚ್ಚು ಒತ್ತಡದ ಗಾಳಿ ಅಂಚಿನಿಂದ ಕೆಳಕ್ಕೆ ನುಸುಳದಂತೆ ತಡೆಯುತ್ತವೆ. ಅವನ್ನು ಅಲಂಕಾರವೆಂದು ಬಿಚ್ಚಿಡಬೇಡಿ. ಎತ್ತರ ಹೆಚ್ಚಿದಷ್ಟೂ ಗಾಳಿ ಶುದ್ಧ. ಛಾವಣಿಯ ಮಟ್ಟದ ಹತ್ತಿರ ರೆಕ್ಕೆ ಇರಲಿ. ಹಿಂದಿನ ಗಾಜಿನ ನೆರಳಿನಲ್ಲಿ ಅಡಗಿ ಕುಳಿತ ರೆಕ್ಕೆ ಎಷ್ಟು ದೊಡ್ಡದಾದರೂ ದುಡಿಯುವುದಿಲ್ಲ.

ಈಗ ಕೂರಿಸುವ ಮಾತು. ನನ್ನ ಕಾಳಜಿ ಎಲ್ಲಕ್ಕಿಂತ ಹೆಚ್ಚಾಗಿ ಇರುವುದು ಇಲ್ಲಿ. 1969ರಲ್ಲಿ ಬಾರ್ಸಿಲೋನಾದ ಮೋಂಟ್‌ಜುಯಿಕ್ ಬೀದಿಗಳಲ್ಲಿ ನಡೆದ ಫಾರ್ಮುಲಾ ಒನ್ ಸ್ಪ್ಯಾನಿಷ್ ಗ್ರಾಂಪ್ರಿಯಲ್ಲಿ ಲೋಟಸ್ ತಂಡದ ಎರಡೂ ಕಾರುಗಳ ಎತ್ತರದ ರೆಕ್ಕೆಗಳು ಮುರಿದವು. ಮೊದಲು ಗ್ರಹಾಂ ಹಿಲ್ ತಡೆಗೋಡೆಗೆ ಬಡಿದರು. ಬಳಿಕ ತಂಡದ ಇನ್ನೊಬ್ಬ ಚಾಲಕ ಯೋಖೆನ್ ರಿಂಟ್ ಅವರ ಕಾರು ಅದೇ ಜಾಗದಲ್ಲಿ ನುಚ್ಚುನೂರಾಗಿ, ಅವರು ಗಾಯಗೊಂಡರು. ಎರಡು ವಾರದ ನಂತರ ಮೊನಾಕೋದಲ್ಲಿ ಎತ್ತರದ ರೆಕ್ಕೆಗಳನ್ನು ನಿಷೇಧಿಸಲಾಯಿತು. ರೆಕ್ಕೆ ಇಲ್ಲದ ಕಾರು ತಿರುವಿಗೆ ಬರುವ ವೇಗವೇ ಬೇರೆ. ರೆಕ್ಕೆಯನ್ನು ನಂಬಿ ಹೆಚ್ಚು ವೇಗದಲ್ಲಿ ಬಂದಾಗ ಅದು ಕಳಚಿಕೊಂಡರೆ, ನಂಬಿದ ಹಿಡಿತ ಆ ಕ್ಷಣವೇ ಇಲ್ಲವಾಗುತ್ತದೆ. ಅದು ಹಾರಿ ಬೀಳುವುದು ಹಿಂದೆ ಬರುತ್ತಿರುವವರ ಗಾಜಿನ ಮೇಲೆ.

ಡಿಕ್ಕಿಯ ಮುಚ್ಚಳದ ತಗಡು ಒಂದು ಮಿಲಿಮೀಟರ್ ದಪ್ಪವೂ ಇರುವುದಿಲ್ಲ. ಅದರ ಮೇಲೆ ನೇರವಾಗಿ ಬೋಲ್ಟ್ ಬಿಗಿದು, ಕೆಳಗೆ ಸಣ್ಣ ವಾಷರ್ ಇಟ್ಟು ಕೈ ತೊಳೆದುಕೊಂಡ ಕಾರುಗಳನ್ನು ನೋಡಿದಾಗ ಎದೆ ಧಸಕ್ಕೆನ್ನುತ್ತದೆ. ರೆಕ್ಕೆ ಸಾಮಾನ್ಯವಾಗಿ ಕಂಬದ ಬುಡಕ್ಕಿಂತ ಹಿಂದೆ ಇರುತ್ತದೆ, ಆದ್ದರಿಂದ ಅದು ಒತ್ತುವಾಗ ಬುಡದ ಹಿಂದಿನ ಬೋಲ್ಟ್‌ನ ಜಾಗ ತಗ್ಗುತ್ತದೆ, ಮುಂದಿನ ಬೋಲ್ಟ್ ತಗಡನ್ನು ಮೇಲಕ್ಕೆ ಕೀಳುತ್ತದೆ. ಪ್ರತಿ ಸುತ್ತಿನಲ್ಲೂ ಇದು ಮರುಕಳಿಸಿ ತಗಡು ದಣಿದು, ರಂಧ್ರದ ಸುತ್ತ ಬಿರುಕು ಹುಟ್ಟುತ್ತದೆ. ಇದನ್ನು ತಪ್ಪಿಸಲು ಮುಚ್ಚಳದ ಒಳಗಡೆ ಕನಿಷ್ಠ ಮೂರು ಮಿಲಿಮೀಟರ್ ದಪ್ಪದ, ಅಂಗೈಗಿಂತ ದೊಡ್ಡ ಅಲ್ಯೂಮಿನಿಯಂ ತಟ್ಟೆ ಇಡಬೇಕು. ಸಾಧ್ಯವಾದರೆ ಅದು ಮುಚ್ಚಳದ ಒಳಗಿನ ಚೌಕಟ್ಟಿನವರೆಗೂ ಚಾಚಿರಲಿ. ಇದಕ್ಕಿಂತ ಉತ್ತಮ ದಾರಿ, ಕಂಬಗಳನ್ನು ಬಂಪರ್ ಮೂಲಕ ಇಳಿಸಿ ನೇರವಾಗಿ ಚಾಸಿಗೆ, ಹಿಂದಿನ ಉಕ್ಕಿನ ತೊಲೆ ಕೂರುವ ಜಾಗಕ್ಕೆ ಬಿಗಿಯುವುದು. ಆಗ ಬಲ ಮುಚ್ಚಳದ ಕೀಲು, ಬೀಗ, ರಬ್ಬರ್ ದಾಟಿ ಬರಬೇಕಿಲ್ಲ, ನೇರ ಕಾರಿನ ಎಲುಬಿಗೆ ಸೇರುತ್ತದೆ. 200ರ ವೇಗ ಮುಟ್ಟುವ ಕಾರಿಗೆ ನಾನು ಬೇರೆ ದಾರಿಯನ್ನು ಹೇಳುವುದೇ ಇಲ್ಲ. ತೆಳು ಕಾರ್ಬನ್ ಮುಚ್ಚಳದ ಮೇಲೆ ರೆಕ್ಕೆ ಕೂರಿಸುವುದನ್ನಂತೂ ಬೇಡವೇ ಬೇಡ ಎನ್ನುತ್ತೇನೆ.

ರಂಧ್ರ ಕೊರೆಯುವ ಮುನ್ನ ಕಾರಿನ ನಡುಗೆರೆಯನ್ನು ಅಳೆದು ಗುರುತಿಸಿ. ಬಂಪರ್ ಅಂಚನ್ನು ನಂಬಬೇಡಿ, ಅದು ಒಂದೆರಡು ಮಿಲಿಮೀಟರ್ ಆಚೀಚೆ ಕೂತಿರುತ್ತದೆ. ಹಿಂದಿನ ಗಾಜಿನ ಎರಡೂ ಮೂಲೆಗಳಿಂದ ಅಳೆದು ತಾಳೆ ನೋಡಿ. ಬಣ್ಣದ ಮೇಲೆ ಕಾಗದದ ಟೇಪು ಹಚ್ಚಿ, ಮೊದಲು ಸಣ್ಣ ಬಿಟ್‌ನಿಂದ ಕೊರೆದು ಆಮೇಲೆ ಹಿಗ್ಗಿಸಿ. ಒಳಗೆ ವೈರಿಂಗ್ ಎಲ್ಲಿ ಹಾದಿದೆ ಎಂದು ಒಳಪದರ ಬಿಚ್ಚಿ ನೋಡದೆ ಡ್ರಿಲ್ ಹಿಡಿಯಬೇಡಿ. ರಂಧ್ರದ ಅಂಚನ್ನು ಅರದಿಂದ ಉಜ್ಜಿ, ಬರಿ ಉಕ್ಕು ಕಾಣುವಲ್ಲಿ ತುಕ್ಕುತಡೆ ಪ್ರೈಮರ್ ಬಳಿದು ಒಣಗಲು ಬಿಡಿ, ಬೋಲ್ಟ್ ಸುತ್ತ ಸೀಲಂಟ್ ಹಾಕಿ. ಸೀಲಂಟ್ ಇಲ್ಲದಿದ್ದರೆ ಮಳೆಗಾಲದಲ್ಲಿ ಡಿಕ್ಕಿಯಲ್ಲಿ ನೀರು ನಿಲ್ಲುತ್ತದೆ. ನೈಲಾನ್ ಉಂಗುರದ ನಟ್‌ಗಳನ್ನೇ ಬಳಸಿ, ತಯಾರಕರು ಹೇಳಿದ ಟಾರ್ಕ್‌ಗೆ (ತಿರುಚುವ ಬಲಕ್ಕೆ) ಬಿಗಿಯಿರಿ, ಬೋಲ್ಟ್ ತಲೆಯ ಮೇಲೆ ಬಣ್ಣದ ಗೆರೆ ಎಳೆದಿಡಿ. ಗೆರೆ ಸರಿದಿದ್ದರೆ ಬೋಲ್ಟ್ ಸಡಿಲಾಗಿದೆ ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ. ಎಲ್ಲ ಮುಗಿದ ಮೇಲೆ ರೆಕ್ಕೆಯ ನಡುವೆ ಕೈಯೂರಿ ಮೈಭಾರ ಹಾಕಿ, ಹಿಂದಕ್ಕೂ ಪಕ್ಕಕ್ಕೂ ಅಲ್ಲಾಡಿಸಿ. ಇಡೀ ಕಾರು ಸಸ್ಪೆನ್ಷನ್ ಮೇಲೆ ತೂಗಬೇಕು. ರೆಕ್ಕೆ ಮಾತ್ರ ಅಲ್ಲಾಡಿದರೆ ಅಥವಾ ತಗಡು ತಗ್ಗಿದರೆ ಕೆಲಸ ಮುಗಿದಿಲ್ಲ. ಟ್ರ್ಯಾಕ್‌ನಲ್ಲಿ ಮೊದಲ ಓಟ ಮುಗಿಸಿ ಬಂದ ಕೂಡಲೇ ಎಲ್ಲ ಬೋಲ್ಟ್‌ಗಳನ್ನೂ ಮತ್ತೆ ಪರೀಕ್ಷಿಸಿ.

ರೆಕ್ಕೆಯನ್ನು ಎಷ್ಟು ಓರೆಯಾಗಿಡಬೇಕೆಂಬ ಕೋನದ ವಿಷಯದಲ್ಲಿ ಬಹಳಷ್ಟು ಜನ ಎಡವುತ್ತಾರೆ. 86ರ ಛಾವಣಿ ಹಿಂದಕ್ಕೆ ಇಳಿಜಾರಾಗಿದೆ, ಅದನ್ನು ಅನುಸರಿಸುವ ಗಾಳಿ ರೆಕ್ಕೆಯ ನಡುಭಾಗಕ್ಕೆ ಕೆಳಮುಖವಾಗಿ ಬರುತ್ತದೆ. ಕೋನಮಾಪಕ 10 ಡಿಗ್ರಿ ಎಂದರೂ ಆ ನಡುಭಾಗಕ್ಕೆ ನಿಜವಾದ ಕೋನ ಅದಕ್ಕಿಂತ ಹೆಚ್ಚು. ಮಿತಿ ದಾಟಿದರೆ ಕೆಳಮೈಯಿಂದ ಗಾಳಿ ಕಿತ್ತುಕೊಂಡು, ಒತ್ತುವ ಬಲ ಬಿದ್ದುಹೋಗಿ ಎಳೆತ ಮಾತ್ರ ಉಳಿಯುತ್ತದೆ. ನಡುಭಾಗವನ್ನು ತಿರುಚಿ ಮಾಡಿದ ರೆಕ್ಕೆಗಳಿಗೆ ಇದೇ ಕಾರಣ. ನೇರ ರೆಕ್ಕೆಯಾದರೆ ಕಡಿಮೆ ಕೋನದಿಂದ ಆರಂಭಿಸಿ ಒಂದೊಂದೇ ಹೆಜ್ಜೆ ಏರಿಸಿ. ಕೆಳಮೈಗೆ ಉಣ್ಣೆಯ ಎಳೆಗಳನ್ನು ಟೇಪಿನಿಂದ ಅಂಟಿಸಿ, ಕ್ಯಾಮೆರಾ ಇಟ್ಟು ಓಡಿಸಿ ನೋಡಿ. ಎಳೆಗಳು ಹಿಂದಕ್ಕೆ ನೆಟ್ಟಗೆ ಮಲಗಿದ್ದರೆ ಸರಿ, ಕುಣಿದಾಡಿ ಮುಂದಕ್ಕೆ ತಿರುಗಿದರೆ ಕೋನ ಇಳಿಸಿ. ಇನ್ನೂ ಸ್ವಲ್ಪ ಬಲ ಬೇಕೆನಿಸಿದರೆ ಹಿಂಚೂಣಿಗೆ ಗರ್ನಿ ಫ್ಲ್ಯಾಪ್ ಸಾಕು. 1971ರಲ್ಲಿ ಫೀನಿಕ್ಸ್ ಟ್ರ್ಯಾಕ್‌ನಲ್ಲಿ ಡ್ಯಾನ್ ಗರ್ನಿ ತಮ್ಮ ಚಾಲಕ ಬಾಬಿ ಅನ್ಸರ್ ಅವರಿಗಾಗಿ ಮಾಡಿಕೊಟ್ಟ ಆ ಪುಟ್ಟ ನೆಟ್ಟನೆಯ ಪಟ್ಟಿಯ ಬೆಲೆ ಈಗಲೂ ಹೆಚ್ಚೇನಿಲ್ಲ.

ಫಲ ತಿಳಿಯಲು ನಿಧಾನದ ತಿರುವನ್ನೂ ವೇಗದ ತಿರುವನ್ನೂ ಹೋಲಿಸಿ. ಲಗೂನಾ ಸೆಕಾದ ಆಂಡ್ರೆಟ್ಟಿ ಹೇರ್‌ಪಿನ್‌ನಂತಹ ಕಡೆ ಹಿಂಭಾಗ ಜಾರಿದರೆ ಅದು ಟೈರು, ಸ್ಪ್ರಿಂಗ್, ಕಾರು ಪಕ್ಕಕ್ಕೆ ವಾಲುವುದನ್ನು ತಗ್ಗಿಸುವ ಆ್ಯಂಟಿರೋಲ್ ಬಾರ್‌ಗಳ ತೊಂದರೆ. ರೆಕ್ಕೆಯಿಂದ ಅದಕ್ಕೆ ಮದ್ದಿಲ್ಲ. ಕ್ಯಾಲಿಫೋರ್ನಿಯಾದ ಇನ್ನೊಂದು ಟ್ರ್ಯಾಕ್ ಥಂಡರ್‌ಹಿಲ್‌ನ ಎಂಟನೇ ತಿರುವಿನಂತಹ ವೇಗದ ಎಡತಿರುವಿನಲ್ಲಿ ಮಾತ್ರ ಜಾರುತ್ತಿದ್ದ ಕಾರು ಈಗ ನೆಲ ಹಿಡಿದು ನಿಂತರೆ ರೆಕ್ಕೆ ತನ್ನ ಕೆಲಸ ಮಾಡುತ್ತಿದೆ.

ಬೆಂಗಳೂರಿನಿಂದ ಕೇಳುವವರಿಗೆ ಇನ್ನೊಂದು ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಗಳಿಗೆ ಹೊಂದದ ಮಾರ್ಪಾಡುಗಳನ್ನು ಒಪ್ಪುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಬಿಗಿಯಾಗಿ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ಪ್ರಕಾರ, ಕಾನೂನು ಒಪ್ಪದ ಒಂದೊಂದು ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಜೈಲುಶಿಕ್ಷೆ ಆಗಬಹುದು. ಹೊಸೂರು ರಸ್ತೆಯ ಮೇಲ್ಸೇತುವೆಯಲ್ಲಿ ಓಡಿಸಲು ಕಾರಿಗೆ ರೆಕ್ಕೆ ಬೇಕಿಲ್ಲ. ಕೊಯಮತ್ತೂರಿನ ಕರಿ ಸ್ಪೀಡ್‌ವೇ, ಚೆನ್ನೈ ಹತ್ತಿರದ ಇರುಂಗಾಟುಕೋಟೈ, ಗ್ರೇಟರ್ ನೋಯ್ಡಾದ 5.125 ಕಿಲೋಮೀಟರ್‌ನ ಬುದ್ಧ ಸರ್ಕ್ಯೂಟ್ ಇವೆಲ್ಲ ಅದಕ್ಕೆ ತಕ್ಕ ಜಾಗಗಳು. ಬರಿ ಟ್ರ್ಯಾಕ್‌ಗೆಂದೇ ಕಾರು ಕಟ್ಟುವವರು ಅದನ್ನು ಲಾರಿಯ ಮೇಲೇರಿಸಿ ಅಲ್ಲಿಗೆ ಒಯ್ಯಲಿ, ಆ ಸಾಗಣೆಯ ಖರ್ಚನ್ನೂ ರೆಕ್ಕೆಯ ಬೆಲೆಗೆ ಸೇರಿಸಿ ಲೆಕ್ಕ ಹಾಕಲಿ.