ಸಾಲಗಾಮೆ ರಸ್ತೆಯ ಬಿಳಿ ತಟ್ಟೆಗಳು

ಬೆಳಿಗ್ಗೆ ಬಸ್ಸು ಎಂಸಿಎಫ್ (ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ) ಹತ್ರ ನಿಂತಾಗ ಆ ದೊಡ್ಡ ಆಂಟೆನಾಗಳನ್ನ ನೋಡ್ತಾ ಕೂತಿದ್ದೆ. 2004ರ ಸೆಪ್ಟೆಂಬರ್‌ನಲ್ಲಿ ಪಾಠಕ್ಕೆಂದೇ ಹಾರಿಸಿದ ಎಜುಸ್ಯಾಟ್ ಉಪಗ್ರಹದ ಲಗಾಮು ಇದ್ದದ್ದು ನಮ್ಮ ಹಾಸನದ ಈ ಕೇಂದ್ರದ ಕೈಲೇ. ರಾಜ್ಯದಲ್ಲಿ ಪ್ರಾಥಮಿಕ ಶಾಲೆಗಳ ಪ್ರಯೋಗಕ್ಕೆ ಆರಿಸಿಕೊಂಡಿದ್ದು ಮಾತ್ರ ಚಾಮರಾಜನಗರ ಜಿಲ್ಲೆಯನ್ನ. ನಮಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಗಿತ್ತು ಅನ್ನಿ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಶಾಲಾ ಮಕ್ಕಳಿಗೆ ಆಕಾಶವಾಣಿಯ ರೇಡಿಯೊ ಪಾಠ 'ಕೇಳಿ ಕಲಿ' ಇತ್ತು. ರೇಡಿಯೊ ಯಾರಿಗೂ ಕಾಯ್ತಿರಲಿಲ್ಲ. ಹಿಂದಿನ ಬೆಂಚಿನವನಿಗೆ ಅರ್ಥವಾಯ್ತೋ ಇಲ್ವೋ, ಅದು ಮುಂದಕ್ಕೆ ಹೋಯ್ತು. ನಾವು ಮೇಷ್ಟ್ರುಗಳೂ ಅದರ ಜೊತೆ ಓಡ್ತಿದ್ವಿ.

ಈಗ ಪಠ್ಯಪುಸ್ತಕದಲ್ಲೇ ಕ್ಯೂಆರ್ ಕೋಡ್, ಅದನ್ನ ಸ್ಕ್ಯಾನ್ ಮಾಡಿದ್ರೆ 2017ರಲ್ಲಿ ಬಂದ ಸರ್ಕಾರದ ಕಲಿಕೆಯ ಆ್ಯಪ್ ದೀಕ್ಷಾದಲ್ಲಿ ವಿಡಿಯೊ. ಇವತ್ತು ಏಳನೇ ಕ್ಲಾಸಿಗೆ ಹೃದಯದ ಪಾಠ. ಕರೆಂಟು ಹೋಗಿತ್ತು (ಮಳೆ ಶುರುವಾದ್ರೆ ಇದು ಮಾಮೂಲಿ), ಹಾಗಾಗಿ ನನ್ನ ಫೋನಿನ ಸುತ್ತ ಇಪ್ಪತ್ತಮೂರು ತಲೆ. ರಕ್ತ ಮೇಲಿನ ಕೋಣೆಯಿಂದ ಕೆಳಗಿಳಿಯುವಾಗ ಒಬ್ಬಳು, "ಸಾರ್, ನಿಲ್ಸಿ ನಿಲ್ಸಿ, ಹಿಂದಕ್ಕೆ ಹಾಕಿ" ಅಂದಳು. ಎರಡು ಕೋಣೆಗಳ ನಡುವಿನ ಕವಾಟ ವಾಪಸ್ ಯಾಕೆ ತೆರೆಯಲ್ಲ ಅಂತ ಅವಳ ಪ್ರಶ್ನೆ. ಫೋನ್ ಪಕ್ಕಕ್ಕಿಟ್ಟು ಕ್ಲಾಸ್‌ರೂಮಿನ ಬಾಗಿಲನ್ನೇ ಒಂದು ಕಡೆಗೆ ತಳ್ಳಿ ತೋರಿಸಿದೆ.

ಇಪ್ಪತ್ತು ವರ್ಷದಲ್ಲಿ ನನ್ನ ಪಾಠ ಬದಲಾಯಿಸಿದ್ದು ಚಿತ್ರ ಅಲ್ಲ, ಆ ನಿಲ್ಲಿಸೋ ಬಟನ್ ಅನ್ಸುತ್ತೆ. ರೇಡಿಯೊ ಕಾಲದಲ್ಲಿ ಈ ಪ್ರಶ್ನೆ ಎಷ್ಟು ಮಕ್ಕಳ ಬಾಯಲ್ಲೇ ಉಳೀತೋ.

ಬಾಗಿಲ ತಿರುಗಣೆ ಕಿರ್ ಅಂತಿತ್ತು, ನಾಳೆ ಎಣ್ಣೆ ತಗೊಂಡು ಹೋಗ್ಬೇಕು.