ಆರನೆಯ ಸಾಲು

ಬಡ್ತಿಯ ಅರ್ಜಿಯಲ್ಲಿ ಎರಡು ಖಾನೆಗಳು ಖಾಲಿ ಉಳಿದಿದ್ದವು: ಒಟ್ಟು ಉಲ್ಲೇಖಗಳು ಮತ್ತು ಎಚ್-ಸೂಚ್ಯಂಕ. ಹತ್ತು ನಿಮಿಷದ ಕೆಲಸವೆಂದು ಬೆಳಿಗ್ಗೆ ಕುಳಿತೆ. ಏಳುವಾಗ ರಾತ್ರಿಯಾಗಿತ್ತು.

ಎಚ್-ಸೂಚ್ಯಂಕವನ್ನು ಮುಂದಿಟ್ಟವರು ಭೌತವಿಜ್ಞಾನಿ ಹೋರ್ಹೆ ಹಿರ್ಶ್, 2005ರಲ್ಲಿ. ತಲಾ ಇಪ್ಪತ್ತು ಸಲವಾದರೂ ಉಲ್ಲೇಖಗೊಂಡ ಇಪ್ಪತ್ತು ಪ್ರಬಂಧಗಳಿದ್ದರೆ ಸೂಚ್ಯಂಕ 20. ನನ್ನದು 19. ಬರೆದು ಮುಗಿಸಿದೆ. ಆದರೆ ಪ್ರಬಂಧಗಳನ್ನು ಉಲ್ಲೇಖಗಳ ಕ್ರಮದಲ್ಲಿ ಜೋಡಿಸಿದ್ದೆನಲ್ಲ, ಮೊದಲ ಸ್ಥಾನದಲ್ಲಿದ್ದುದನ್ನು ಕಂಡು ಕಣ್ಣು ಅಲ್ಲೇ ನಿಂತಿತು.

ಒಂದು ಕಿಣ್ವದೊಳಗೆ ಪ್ರೋಟಾನ್ ಸಾಗುವ ದಾರಿಯನ್ನು ನಾಲ್ಕು ವರ್ಷ ಬೆನ್ನಟ್ಟಿ ಬರೆದ ಪ್ರಬಂಧವಲ್ಲ ಅದು. ಅದಕ್ಕೆ ದಕ್ಕಿರುವುದು 11 ಉಲ್ಲೇಖಗಳು. ಮೇಲಿದ್ದದ್ದು ಫೋರ್ಸ್ ಫೀಲ್ಡ್ ನಿಯತಾಂಕಗಳ, ಅಂದರೆ ಅಣುಗಳ ಚಲನೆಯನ್ನು ಕಂಪ್ಯೂಟರ್‌ನಲ್ಲಿ ಅನುಕರಿಸಲು ಬೇಕಾಗುವ ಅಂಕಿಗಳ, ಪುಟ್ಟ ಕೋಷ್ಟಕ. ಸಲ್ಫೊನಮೈಡ್ ಎಂಬ ಪರಮಾಣು ಗುಂಪಿನಲ್ಲಿ ಗಂಧಕ–ಸಾರಜನಕ ಬಂಧ ತಿರುಗುವುದಕ್ಕೆ ಎಷ್ಟು ಶಕ್ತಿ ಬೇಕೆಂದು ತಿಳಿಸುವ ಎಂಟು ಸಾಲುಗಳು. 340 ಉಲ್ಲೇಖಗಳು.

ಗಣಕ ರಸಾಯನವಿಜ್ಞಾನವೆಂಬ ನಮ್ಮ ಕ್ಷೇತ್ರದ ರೀತಿಯೇ ಹಾಗೆ. ಅತಿ ಹೆಚ್ಚು ಉಲ್ಲೇಖಗೊಂಡ ನೂರು ವಿಜ್ಞಾನ ಪ್ರಬಂಧಗಳನ್ನು 2014ರಲ್ಲಿ 'ನೇಚರ್' ಪತ್ರಿಕೆ ಪಟ್ಟಿ ಮಾಡಿದಾಗ ಏಳು ಮತ್ತು ಎಂಟನೆಯ ಸ್ಥಾನಗಳು ಎಲೆಕ್ಟ್ರಾನ್‌ಗಳ ಸಾಂದ್ರತೆಯಿಂದ ಅಣುಗಳ ಗುಣಗಳನ್ನು ಲೆಕ್ಕಹಾಕುವ ಸಾಂದ್ರತಾ ಫಲನ ಸಿದ್ಧಾಂತದ ಪಾಲಾಗಿದ್ದವು: ಲೀ, ಯಾಂಗ್ ಮತ್ತು ಪಾರ್ ಅವರ 1988ರ ಪ್ರಬಂಧ, ಆಕ್ಸೆಲ್ ಬೆಕಿ ಅವರ 1993ರ ಪ್ರಬಂಧ. ಎರಡೂ ದಿನನಿತ್ಯದ ಲೆಕ್ಕಕ್ಕೆ ಕೈಗೆ ಸಿಗುವ ಸೂತ್ರಗಳನ್ನು ಕೊಟ್ಟವು. ಆ ಸಿದ್ಧಾಂತಕ್ಕೆ ತಳಪಾಯ ಹಾಕಿದ ಕೋನ್ ಮತ್ತು ಶಾಮ್ ಅವರ 1965ರ ಪ್ರಬಂಧ ಮೊದಲ ಹತ್ತರಲ್ಲಿ ಇರಲಿಲ್ಲ. ಬಳಸಿದವರು ಉಲ್ಲೇಖಿಸುತ್ತಾರೆ, ಅದು ನ್ಯಾಯವೂ ಹೌದು.

ನನ್ನನ್ನು ಕಾಡಿದ್ದು ಬೇರೆಯೇ. ಆ ಕೋಷ್ಟಕದ ಆರನೆಯ ಸಾಲಿನಲ್ಲಿ ತಪ್ಪಿತ್ತು. ಉಳಿದೆಲ್ಲ ಸಾಲುಗಳು ಕಿಲೊಕ್ಯಾಲರಿಯಲ್ಲಿದ್ದರೆ ಅದೊಂದು ಕಿಲೊಜೂಲ್‌ನಲ್ಲೇ ಉಳಿದುಬಿಟ್ಟಿತ್ತು. ಒಂದು ಕಿಲೊಕ್ಯಾಲರಿ ಎಂದರೆ 4.184 ಕಿಲೊಜೂಲ್, 2.2 ಇರಬೇಕಾದಲ್ಲಿ 9.2 ಅಚ್ಚಾಗಿತ್ತು. ಸಿಮ್ಯುಲೇಶನ್‌ನಲ್ಲಿ ಸಲೀಸಾಗಿ ತಿರುಗಬೇಕಾದ ಬಂಧ ಸೆಟೆದು ನಿಲ್ಲುತ್ತದೆ. ಎರಡು ವರ್ಷಗಳ ಬಳಿಕ ನನ್ನ ವಿದ್ಯಾರ್ಥಿಯೊಬ್ಬ ಹಿಡಿದು ತೋರಿಸಿದ. ಅದೇ ತಿಂಗಳು ತಿದ್ದುಪಡಿ ಪ್ರಕಟಿಸಿ ನಿರಾಳನಾಗಿದ್ದೆ.

ಆ ತಿದ್ದುಪಡಿಗೆ ಬಂದಿರುವ ಉಲ್ಲೇಖಗಳು 17 ಎಂದು ಕಂಡಾಗ ಆ ನಿರಾಳತೆ ಹೋಯಿತು. ನನ್ನನ್ನು ಉಲ್ಲೇಖಿಸಿದ ಪ್ರಬಂಧಗಳನ್ನು ಒಂದೊಂದಾಗಿ ತೆರೆಯತೊಡಗಿದೆ. ಹೆಚ್ಚಿನವುಗಳಲ್ಲಿ ವಿಧಾನದ ಭಾಗದಲ್ಲಿ ಒಂದೇ ವಾಕ್ಯ. ಮಧ್ಯಾಹ್ನದ ಹೊತ್ತಿಗೆ ಒಂದರ ಪೂರಕ ದತ್ತಾಂಶದಲ್ಲಿ ನಿಯತಾಂಕಗಳ ಕಡತ ಸಿಕ್ಕಿತು. ಆರನೆಯ ಸಾಲು: 9.2. ತಿದ್ದುಪಡಿ ಬಂದು ನಾಲ್ಕು ವರ್ಷಗಳಾದ ಮೇಲಿನ ಪ್ರಬಂಧ ಅದು.

ಊಟದ ನೆನಪಾಗಲಿಲ್ಲ. ತಿದ್ದುಪಡಿಯ ನಂತರದ ಪ್ರಬಂಧಗಳಲ್ಲಿ ಕಡತ ಸಿಕ್ಕಿದ್ದು 62ಕ್ಕೆ. ಅವುಗಳಲ್ಲಿ 23ರಲ್ಲಿ ಹಳೆಯ ಅಂಕಿಯೇ ಇತ್ತು. ಕೆಲವು ಕಡತಗಳಲ್ಲಿ ಟಿಪ್ಪಣಿಯ ಅಕ್ಷರದೋಷವೂ ಒಂದೇ. ಯಾರೋ ಒಬ್ಬರು ಟೈಪಿಸಿದ್ದನ್ನು ಉಳಿದವರು ಕೈಯಿಂದ ಕೈಗೆ ದಾಟಿಸಿಕೊಂಡಿದ್ದರು. ಅವರನ್ನು ನಾನು ದೂರಲಾರೆ. ತಪ್ಪು ಹುಟ್ಟಿದ್ದು ನನ್ನ ಮೇಜಿನ ಮೇಲೆ. ಆದರೆ ಆ 23 ಪ್ರಬಂಧಗಳೂ ನನ್ನ ಲೆಕ್ಕದಲ್ಲಿ ತಲಾ ಒಂದೊಂದು ಅಂಕ ಕೂಡಿಸಿವೆ. ಸರಿಯಾದ ಅಂಕಿ ಬಳಸಿದವರ ಉಲ್ಲೇಖಕ್ಕೂ ಅವಕ್ಕೂ ವ್ಯತ್ಯಾಸವೇ ಇಲ್ಲ. ಬೆಳಿಗ್ಗೆ ಬರೆದ 19ನ್ನು ನೋಡಿದಾಗ ಗಂಟಲು ಕಟ್ಟಿತು.

ಸಂಜೆ 23 ಪತ್ರಗಳನ್ನು ಬರೆದೆ. ಒಂದೇ ಒಕ್ಕಣೆಯನ್ನು ಎಲ್ಲರಿಗೂ ಕಳುಹಿಸಲು ಮನಸ್ಸು ಬರಲಿಲ್ಲ; ಪ್ರತಿಯೊಂದು ಪ್ರಬಂಧವನ್ನೂ ಓದಿ, ಅದರ ಯಾವ ಫಲಿತಾಂಶಕ್ಕೆ ಪೆಟ್ಟು ಬೀಳಬಹುದು, ಯಾವುದಕ್ಕೆ ಬೀಳದು ಎಂದು ತೋಚಿದಷ್ಟು ವಿವರಿಸಿದೆ. ಅರ್ಜಿಯಲ್ಲಿ ಆ ಕೋಷ್ಟಕದ ಪ್ರಬಂಧದ ಪಕ್ಕದಲ್ಲಿ ತಿದ್ದುಪಡಿಯನ್ನೂ ಹಳೆಯ ಅಂಕಿ ಬಳಸಿದವರ ಸಂಖ್ಯೆಯನ್ನೂ ಸೇರಿಸಿದೆ.

ರಾತ್ರಿ ಒಂಬತ್ತಕ್ಕೆ ಮೊದಲ ಉತ್ತರ ಬಂತು. ಬರೆದಾಕೆ ಸಂಶೋಧನಾ ವಿದ್ಯಾರ್ಥಿನಿ. ತನ್ನ ಸಿಮ್ಯುಲೇಶನ್ ಪ್ರಯೋಗದ ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿಟ್ಟು ಅಣುರಚನೆ ತಿಳಿಯುವ ವಿಧಾನ) ಅಳತೆಗಳಿಗೆ ಏಕೆ ಹೊಂದುತ್ತಿಲ್ಲವೆಂದು ಎಂಟು ತಿಂಗಳಿಂದ ಹುಡುಕುತ್ತಿದ್ದಳಂತೆ. 2.2 ಹಾಕಿ ಮತ್ತೆ ಓಡಿಸಲು ಆಗಲೇ ಕೊಟ್ಟಿದ್ದಳು. ಕೊನೆಯಲ್ಲಿ ಒಂದು ಪ್ರಶ್ನೆ: 'ಉಳಿದ ಏಳು ಸಾಲುಗಳನ್ನೂ ಮತ್ತೊಮ್ಮೆ ನೋಡಿದ್ದೀರಾ?'

ನೋಡಿರಲಿಲ್ಲ. ಹಳೆಯ ಡಿಸ್ಕ್ ತೆಗೆದು, ಮೂಲ ಕ್ವಾಂಟಮ್ ಲೆಕ್ಕಗಳ ಕಡತಗಳನ್ನು ಮೊದಲ ಸಾಲಿನಿಂದ ತೆರೆದೆ.